ಮೂರನೆಯ ನಿಯಮ

ದೊಡ್ಡಮ್ಮ ಕನ್ನಡಕವನ್ನು ಕರವಸ್ತ್ರದಿಂದ ಒರೆಸಿ ಮತ್ತೆ ತಂಗಿಯ ಮುಖಕ್ಕೆ ಏರಿಸುತ್ತಿದ್ದಳು.

“ಬೇಡ ದೊಡ್ಡಮ್ಮ, ಒಳಗೆ ಕಳಿಸೋವಾಗ ತೆಗೀಬೇಕಂತೆ,” ಎಂದಳು ತಂಗಿಯ ಮಗಳು.

“ತೆಗೆಯೋವಾಗ ತೆಗೀಲಿ ಬಿಡೇ. ಇದಿಲ್ದಿದ್ರೆ ಇವಳು ನನ್ನ ತಂಗಿ ಥರಾನೇ ಕಾಣಲ್ಲ.”

ಚಿತಾಗಾರದ ಪಕ್ಕದ ಹಾಲಿನಲ್ಲಿ ನಲವತ್ತು ಕುರ್ಚಿ ಹಾಕಿದ್ದರು, ಹದಿನೇಳು ತುಂಬಿದ್ದವು. ಬಂದವರಲ್ಲಿ ಹೆಚ್ಚಿನವರು ಪ್ರಯೋಗಾಲಯದವರು, ಕಂಪ್ಯೂಟರಿಗೆ ಹೊಸ ಪ್ರೋಗ್ರಾಮಿಂಗ್ ಭಾಷೆ ಕಟ್ಟುವ ಜನ. ಅವರು ಕಟ್ಟಿದ್ದನ್ನು ಒಡೆದು ನೋಡುವುದೇ ಮೂವತ್ತೊಂದು ವರ್ಷ ಈ ತಂಗಿಯ ಉದ್ಯೋಗವಾಗಿತ್ತು. ಹಾಗಾಗಿ ಅಲ್ಲಿ ಎಲ್ಲರಿಗೂ ಇವಳು ‘ಒಡಕಕ್ಕ’.

“ಏನೇ ನಿನ್ ಕೆಲ್ಸ ಅಂತ ಕೇಳಿದ್ರೆ, ಬೇರೆಯೋರು ಮಾಡಿದ್ದನ್ನ ಕೆಡಿಸೋದು ಅಂತಿದ್ಲು,” ಎಂದಳು ದೊಡ್ಡಮ್ಮ. “ಅದಕ್ಕೂ ಸಂಬಳ ಕೊಡ್ತಾರಾ ಅಂತ ನಾನು!”

“ಕೊಡ್ಲೇಬೇಕಿತ್ತಮ್ಮ,” ಎಂದ, ಯಂತ್ರಗಳನ್ನು ನೋಡಿಕೊಳ್ಳುವ ಗಡ್ಡದವನು. “ಒಂಬತ್ತು ಸಾಲು ಬರೆದು ನಮ್ಮ ಒಂಬತ್ತು ತಿಂಗಳ ಕೆಲಸಾನ ಮಕಾಡೆ ಮಲಗಿಸೋರು. ಆಮೇಲೆ, ಬನ್ರಪ್ಪ ಟೀ ಕುಡಿಯೋಣ ಅನ್ನೋರು.”

ಅಷ್ಟರಲ್ಲಿ ಮೇಷ್ಟ್ರು ಬಂದರು. ಪ್ರಯೋಗಾಲಯದ ಹಿರಿಯರು ಅವರೇ. ಹಿಂದಿನ ಸಾಲಿನಿಂದ ಯಾರೋ ಎದ್ದು ಕೈ ಚಾಚಿದರು. “ಅಭಿನಂದನೆ ಸರ್, ಪ್ರಶಸ್ತಿ ಸುದ್ದಿ ಓದ್ದೆ.”

“ಈಗ ಬೇಡ,” ಎಂದು ಮೇಷ್ಟ್ರು ಕೈಯನ್ನು ಜೇಬಿಗೆ ಹಾಕಿಕೊಂಡರು. ಹತ್ತು ವರ್ಷ ಕಳೆದರೂ ಬಾಳಿಕೆ ಬಂದ ಸಂಶೋಧನಾ ಲೇಖನಕ್ಕೆ ಕೊಡುವ ಪ್ರಶಸ್ತಿ ಅದು. ಮಂಗಳವಾರ ಹೆಸರು ಹೊರಬಿದ್ದಿತ್ತು. ಗುರುವಾರ ಇವಳು ಹೋದಳು.

“ಎರಡು ಮಾತಾಡ್ತೀರಾ ಸರ್?” ಎಂದಳು ಮಗಳು.

* * *

ಹತ್ತು ವರ್ಷದ ಹಿಂದೆ, ಆ ಲೇಖನ ಅಚ್ಚಿಗೆ ಕಳಿಸಲು ಇನ್ನು ಆರೇ ದಿನ ಉಳಿದಿದ್ದಾಗ ಒಡಕಕ್ಕ ಮೇಷ್ಟ್ರ ಮೇಜಿನ ಮೇಲೆ ಒಂದು ಹಾಳೆ ಇಟ್ಟಿದ್ದಳು.

“ನಿಮ್ಮ ಭಾಷೆ ಬಿದ್ದುಹೋಯ್ತು ಮೇಷ್ಟ್ರೇ.”

“ಎಲ್ಲಿ?”

“ಎರವಲಿನ ಹತ್ರ. ಪ್ರೋಗ್ರಾಮಿನ ಒಂದು ಭಾಗ ಇನ್ನೊಂದಕ್ಕೆ ಏನೋ ಕೊಟ್ಟಿರುತ್ತೆ. ಕೊಟ್ಟ ಭಾಗಾನೇ ಮುಗಿದುಹೋಗುತ್ತೆ, ತಗೊಂಡ ಭಾಗ ಅದನ್ನ ಇನ್ನೂ ಹಿಡ್ಕೊಂಡು ಕೂತಿರುತ್ತೆ.”

ಎರಡು ವರ್ಷದ ದುಡಿಮೆ. ಮರುದಿನ ಬೆಳಿಗ್ಗೆ ಅವಳು ಛತ್ರಿಯನ್ನೂ ಕೆಳಗಿಡದೆ ನೇರ ಅವರ ಕೋಣೆಗೆ ಬಂದಳು.

“ಪಾತ್ರೆ ಎರವಲು ಕೊಟ್ಟ ಮನೆಯೋರು ಅದು ವಾಪಸ್ ಬರೋ ತನಕ ಮನೆ ಖಾಲಿ ಮಾಡೋ ಹಾಗಿಲ್ಲ. ಇದೊಂದು ನಿಯಮ ಸೇರ್ಸಿ ನೋಡಿ.”

ಸೇರಿಸಿದರು. ಮೂರು ದಿನ ಅವಳೇ ಅದನ್ನು ಒಡೆಯಲು ನೋಡಿದಳು, ಒಡೆಯಲಿಲ್ಲ. ಅದು ಮೂರನೆಯ ನಿಯಮವೆಂದು ಅಚ್ಚಾಯಿತು, ಮೇಷ್ಟ್ರ ಒಬ್ಬರದೇ ಹೆಸರಿನಲ್ಲಿ. ಅವಳ ಹೆಸರು ಕೊನೆಯ ಪುಟದ ಕೃತಜ್ಞತೆಯಲ್ಲಿತ್ತು, ಅಲ್ಪವಿರಾಮಗಳನ್ನು ತಿದ್ದಿಕೊಟ್ಟವರ ಪಕ್ಕದಲ್ಲಿ.

“ಅಲ್ಪವಿರಾಮದೋರ ಜೊತೆ ಕೂರ್ಸಿದೀರಿ. ಒಳ್ಳೇ ಸಹವಾಸ!” ಎಂದು ಅವಳು ನಕ್ಕಿದ್ದಳು. ಮೇಷ್ಟ್ರೂ ನಕ್ಕಿದ್ದರು. ಹೇಳಬೇಕಾದ್ದನ್ನು ಹೇಳಲು ಆಗಲೇ ಸಮಯವಿತ್ತು. ನಗುವಿನಲ್ಲಿ ಅದು ಕಳೆದುಹೋಯಿತು.

* * *

“ಒಡಕಕ್ಕ ತುಂಬಾ ಶ್ರದ್ಧೆಯ ಕೆಲಸಗಾರ್ತಿ...” ಎಂದು ಶುರುಮಾಡಿದ ಮೇಷ್ಟ್ರು ಅಲ್ಲಿಗೇ ನಿಂತರು. “ಮೂರನೇ ನಿಯಮ ನಂದಲ್ಲ. ಅವರದ್ದು. ಅದಿಲ್ದಿದ್ರೆ ಆ ಲೇಖನ ಇಲ್ಲ, ಪ್ರಶಸ್ತೀನೂ ಇಲ್ಲ.”

ಗಡ್ಡದವನು ತಲೆ ತಗ್ಗಿಸಿದ.

“ಏನಂತೇ?” ದೊಡ್ಡಮ್ಮ ಪಿಸುಗುಟ್ಟಿದಳು.

“ಪ್ರಶಸ್ತಿ ಬಂದಿದ್ದು ಅಮ್ಮನ ಕೆಲಸಕ್ಕಂತೆ.”

“ಅಯ್ಯೋ! ಒಂದ್ ಮಾತು ಹೇಳ್ಲಿಲ್ವಲ್ಲೇ ನೀನು!” ದೊಡ್ಡಮ್ಮ ಗದರಿದ್ದು ಮಲಗಿದವಳನ್ನು.

ಆಮೇಲೆ ಕನ್ನಡಕ ತೆಗೆದರು. ಬಾಗಿಲು ಮುಚ್ಚಿತು.

ಹೊರಗಿನ ಬೆಂಚಿನ ಬಳಿ ಮೇಷ್ಟ್ರು ಮಗಳಿಗೆ ಹೇಳಿದರು, “ಹೇಳ್ಬಿಟ್ಟೆನಮ್ಮ. ಮನಸ್ಸು ಹಗುರಾಯ್ತು.”

“ನಿಮಗೆ ಹಗುರಾಯ್ತು ಸರ್. ಇಲ್ಲಿರೋ ಹದಿನೇಳು ಜನದಲ್ಲಿ ಅರ್ಧ ಜನಕ್ಕೆ ಮೊದಲೇ ಗೊತ್ತಿತ್ತು. ಉಳಿದೋರಿಗೆ ಗೊತ್ತಾಗಿ ಏನಾಗ್ಬೇಕು? ಪ್ರಶಸ್ತಿ ಕೊಡೋರಿಗೆ ಹೇಳಿ.”

“ಅವರು ವಾಪಸ್ ತಗೊಂಡ್ರೂ ತಗೋಬಹುದು.”

“ಹೂಂ,” ಎಂದಳು. ಅಷ್ಟೇ.

ಮೇಷ್ಟ್ರು ಕೂತು ಫೋನಿನಲ್ಲಿ ನಾಲ್ಕು ಸಾಲು ಬರೆದು ತೋರಿಸಿದರು. ಅವಳು ಎರಡು ಸಲ ಓದಿದಳು.

“‘ನೆರವಾದರು’ ಅಂತ ಬರೆದಿದೀರಿ.”

ಮೇಷ್ಟ್ರು ಅದನ್ನು ಅಳಿಸಿ ‘ಕಂಡುಹಿಡಿದರು’ ಎಂದು ಬರೆದರು. ‘ಯಾರಿಗೆ’ ಎಂಬಲ್ಲಿ ಬೆರಳಿಟ್ಟೊಡನೆ ಫೋನು ತಾನಾಗಿಯೇ ಒಂದು ಹೆಸರನ್ನು ಮುಂದೊಡ್ಡಿತು: ಒಡಕಕ್ಕ. ಏನು ಬರೆದರೂ ಮೊದಲು ಅವಳಿಗೆ ಕಳಿಸಿಯೇ ಅಭ್ಯಾಸ, ಎಲ್ಲಿ ಒಡೆಯುತ್ತದೆ ನೋಡಲೆಂದು. ಅಳಿಸಲು ಹೋದ ಬೆರಳು ನಿಂತಿತು. ಆ ಹೆಸರನ್ನು ಹಾಗೇ ಬಿಟ್ಟು, ಅದರ ಕೆಳಗೆ ಪ್ರಶಸ್ತಿ ಸಮಿತಿಯ ವಿಳಾಸ ಸೇರಿಸಿ, ಕಳಿಸಿದರು.

ಮಗಳ ಕೈಚೀಲದೊಳಗೆ ಅಮ್ಮನ ಫೋನು ಒಮ್ಮೆ ಗುಂಯ್‌ಗುಟ್ಟಿತು.

“ಪಾಪ,” ಎಂದಳು ದೊಡ್ಡಮ್ಮ, “ಯಾರಿಗೋ ಇನ್ನೂ ಸುದ್ದಿ ಗೊತ್ತಾಗಿಲ್ಲ.”

ಮೇಷ್ಟ್ರು ಫೋನನ್ನು ಜೇಬಿಗಿಡದೆ, ಉತ್ತರಕ್ಕೆ ಕಾಯುವವರ ಹಾಗೆ ಅದನ್ನೇ ನೋಡುತ್ತ ಕೂತಿದ್ದರು.