ತಕ್ಕಡಿ ಬಿಸಿಯಾಗುವ ಹೊತ್ತು

ಫ್ಯೂನರಲ್ ಹೋಮಿನವರು ಪಂಚೆಯನ್ನು ಟವೆಲ್ಲಿನ ಹಾಗೆ ಸುತ್ತಿಬಿಟ್ಟಿದ್ದರು. ವತ್ಸಲಾ ಪೆಟ್ಟಿಗೆಯ ಮೇಲೆ ಬಗ್ಗಿ ಅದನ್ನು ಬಿಚ್ಚಿ ಮತ್ತೆ ನೆರಿಗೆ ಹಿಡಿಯುತ್ತಿದ್ದಳು. ಇಪ್ಪತ್ತೇಳು ವರ್ಷದ ಸಂಸಾರದಲ್ಲಿ ಶೇಷಾದ್ರಿ ಅಂಗಿಯ ಒಂದು ಗುಂಡಿಯನ್ನೂ ತಪ್ಪಾಗಿ ಹಾಕಿಕೊಂಡವರಲ್ಲ. ಇವತ್ತು ಹೀಗೇ ಕಳಿಸಿದರೆ ಹೋಗುವ ದಾರಿಯಲ್ಲಿ ನಿಂತು ಅಂಚು ಸರಿಮಾಡಿಕೊಳ್ಳುವ ಪೈಕಿ.

"ಸಾಕು ಬಿಡಮ್ಮ ವತ್ಸಲಾ, ಜನ ಬರೋಕ್ ಶುರುವಾಯ್ತು," ಎಂದರು ಶ್ರೀಹರಿ. ಫಾರ್ಮಿಂಗ್ಟನ್ ಹಿಲ್ಸ್‌ನ ಕನ್ನಡಿಗರಲ್ಲಿ ಮದುವೆಯಾಗಲಿ ಸಾವಾಗಲಿ, ಓಡಾಡುವವರು ಅವರೇ. "ಒಂದು ಗಂಟೆಗೆ ಕ್ರಿಮೇಷನ್ ಸ್ಲಾಟು. ಅದು ತಪ್ಪಿದ್ರೆ ಸೋಮವಾರಾನೇ."

"ಎರಡು ನೆರಿಗೆ ಶ್ರೀಹರಿ, ಆಯ್ತು."

ಅವಳ ಬೆನ್ನ ಹಿಂದೆ ಶ್ರೀಹರಿಯವರ ಹೆಂಡತಿ ಕೌಸಲ್ಯಾ ದನಿ ತಗ್ಗಿಸಿ ನಿರಂಜನನನ್ನು ವಿಚಾರಿಸುತ್ತಿದ್ದರು. ಆಕೆ ದನಿ ತಗ್ಗಿಸಿದರೆ ಮೂರು ಸಾಲಿನ ಕುರ್ಚಿಗಳಿಗೆ ಮಾತ್ರ ಕೇಳಿಸುತ್ತದೆ. ನಿರಂಜನ್ ಹುಬ್ಬಳ್ಳಿಯವನು. ಸ್ಟರ್ಲಿಂಗ್ ಹೈಟ್ಸ್‌ನ ಕಾರ್ಖಾನೆಯಲ್ಲಿ ಶೇಷಾದ್ರಿಯ ಕೈಕೆಳಗೆ ಕೆಲಸ ಮಾಡಿದವನು, ಅವರ ಜೊತೆ ಒಂದೇ ಶುಕ್ರವಾರ ಕೆಲಸ ಕಳೆದುಕೊಂಡವನು.

"ಅಲ್ಲ ನಿರಂಜನ್, ಶೇಷಾದ್ರಿಯವರು ಬಂದೂಕಿನ ಗುಂಡು ಮಾಡ್ತಿದ್ರಂತೆ, ನಿಜಾನಾ? ದೇವರ ಮನೆ ಕೆಳಗಡೇನೇ?"

"ಮಾಡ್ತಿರಲಿಲ್ರಿ ಆಂಟಿ, ತುಂಬ್ತಿದ್ರು. ಹೊಡದು ಖಾಲಿಯಾದ ತೋಟಾ ಇರ್ತಾವಲ್ರಿ, ಅದಕ್ಕ ಮತ್ತ ಮದ್ದು ತೂಗಿ ಹಾಕೋದು. ಈ ವರ್ಷ ಅಂಗಡ್ಯಾಗ ತೋಟಾನ ಸಿಗವಲ್ವು. ನಾವು ಹೊಡಿಯೋದು ಕಾಗದದ ಗುರಿಗೆ, ಒಂದು ಗುಬ್ಬಿಗೂ ಅಲ್ಲ."

"ಡೇಂಜರ್ ಅಲ್ವೇನಪ್ಪ?"

"ಮದ್ದು ಹೆಚ್ಚಾದ್ರ ಡೇಂಜರೇ. ನಮ್ಮ ಶೂಟಿಂಗ್ ಕ್ಲಬ್ಬಿನ ರೇಂಜ್‌ನ್ಯಾಗ ಒಬ್ಬನ ರೈಫಲ್ ಒಡದು ಕಣ್ಣು ಹೋತು. ಆದ್ರ ಶೇಷಾದ್ರಿ ಅಣ್ಣಾರು ತುಂಬಿದ್ದಂದ್ರ ನಾವು ವಿಚಾರಾನ ಮಾಡಂಗಿಲ್ಲ. ಮದ್ದು ತೂಗೋ ಅವರ ಸ್ಕೇಲ್ ನೋಡಬೇಕಿತ್ರಿ ನೀವು. ಅದರ ಕೆಂಪು ಲೈಟು ಹಗಲೂ ರಾತ್ರಿ ಆರಂಗಿಲ್ಲ. ಅದು ಒಳಗ ಬಿಸಿ ಇದ್ರನ ಖರೆ ಹೇಳ್ತದ. ತಣ್ಣಗಿದ್ರ ಒಂದೊಂದು ಸಲ ಒಂದೊಂದು ಹೇಳ್ತದ. ಅವರು ತುಂಬಿಟ್ಟ ಕಡೀ ಡಬ್ಬಿ ನನ್ನ ಕಾರಿನಾಗ ಅದ. ನಾಳೆ ಹತ್ತಕ್ಕ ಕ್ಲಬ್ಬಿನ ಆರು ಮಂದಿ ಅವರ ಹೆಸರಿನ ಮ್ಯಾಲೆ ಹೊಡೀತೀವಿ. ಮೊದಲನೇದು ನಂದು."

ವತ್ಸಲಾಳ ಕೈಯಲ್ಲಿದ್ದ ನೆರಿಗೆ ಜಾರಿಹೋಯಿತು. ಆ ಕೆಂಪು ಲೈಟನ್ನು ಅವಳು ಒಂಬತ್ತು ತಿಂಗಳಿಂದ ದಿನಾ ಆರಿಸುತ್ತ ಬಂದಿದ್ದಳು.

* * *

ಫೆಬ್ರವರಿಯಲ್ಲಿ ಕಾರ್ಖಾನೆಯ ಗೇಜ್ ಲ್ಯಾಬ್ ಮುಚ್ಚಿತ್ತು. ಅಳೆಯುವ ಉಪಕರಣಗಳನ್ನೇ ಅಳೆದು ನೋಡುವ ಜಾಗ ಅದು. ಇಪ್ಪತ್ತೆರಡು ವರ್ಷ ಅಲ್ಲಿ ಕೂದಲೆಳೆಯನ್ನು ನೂರು ಪಾಲು ಮಾಡಿದ ಮನುಷ್ಯ ಕೆಲಸ ಹೋದ ಮೇಲೆ ಮಾರ್ಚ್ ಮೊದಲ ವಾರ ಬೇಸ್‌ಮೆಂಟಿಗೆ ಇಳಿದರು. ಬಂದೂಕಿನ ಮೇಲೆ ಅವರಿಗೆ ಅಂಥ ಮೋಹವೇನೂ ಇರಲಿಲ್ಲ. ಒಂದು ವಸ್ತುವನ್ನು ಹತ್ತು ಸಲ ಇಟ್ಟರೆ ಹತ್ತು ಸಲವೂ ಒಂದೇ ತೂಕ ಬರಬೇಕು, ಅದು ಅವರ ಹಟ. ಅಡುಗೆಮನೆ ಕಟ್ಟೆ ಕೊಯ್ದಾಗ ಉಳಿದ ಗ್ರಾನೈಟ್ ತುಂಡಿನ ಮೇಲೆ ತಕ್ಕಡಿ ಕೂತಿತು. ಗಾಳಿ ಸೋಕದಿರಲೆಂದು ಅದರ ಸುತ್ತ ಹಳೆಯ ಮೀನಿನ ತೊಟ್ಟಿಯ ಗಾಜು ಬಂತು, ಹೀಟರಿನ ಕಿಂಡಿಗೆ ಟೇಪು ಬಿತ್ತು. ಉಣ್ಣೆಯ ಸ್ಥಿರ ವಿದ್ಯುತ್ತು ತಾಗಿದರೆ ಅಂಕಿ ಕುಣಿಯುತ್ತದೆಂದು ಆ ಚಳಿಯಲ್ಲೂ ಸ್ವೆಟರ್ ಬಿಚ್ಚಿಟ್ಟು ಕೂರುತ್ತಿದ್ದರು.

"ಆ ಕೆಂಪು ಲೈಟೊಂದು ಆರಿಸಬೇಡ," ಎಂದಿದ್ದರು. ಇಡೀ ಕಾರ್ಖಾನೆಗೆ ಪ್ರತಿಯೊಂದಕ್ಕೂ ಚಿತ್ರ ಬರೆದು ಕಾರಣ ವಿವರಿಸಿದವರು ಹೆಂಡತಿಗೆ ಕಾರಣ ಹೇಳಲಿಲ್ಲ. ಹೇಳಿದ್ದರೆ ಅವಳೇನು ಕೇಳದವಳಲ್ಲ.

ಯಾರೂ ಇಲ್ಲದ ಕೋಣೆಯಲ್ಲಿ ದೀಪ ಉರಿಯುವುದನ್ನು ವತ್ಸಲಾ ಮೊದಲಿನಿಂದಲೂ ಸಹಿಸಿದವಳಲ್ಲ. ಗಂಡನ ಕೆಲಸ ಹೋದ ಮೇಲೆ ಅದು ಚಟವೇ ಆಯಿತು. ಬೆಳಿಗ್ಗೆ ಶೇಷಾದ್ರಿ ಕೆಲಸ ಹುಡುಕಲು ಲೈಬ್ರರಿಗೆ ಹೊರಟರೆಂದರೆ ಅವಳು ಬೇಸ್‌ಮೆಂಟಿಗಿಳಿದು ಪ್ಲಗ್ ಕಿತ್ತಿಡುತ್ತಿದ್ದಳು. ಸಂಜೆ ನಾಲ್ಕರ ಮೇಲೆ ಗ್ಯಾರೇಜ್ ಬಾಗಿಲು ಗುಡುಗಿದ ಕೂಡಲೇ ಚಪ್ಪಲಿ ಕೈಯಲ್ಲಿ ಹಿಡಿದು ಓಡಿಹೋಗಿ ಪ್ಲಗ್ ಹಾಕಿ, ಏನೂ ಗೊತ್ತಿಲ್ಲದವಳ ಹಾಗೆ ಮೇಲೆ ಬಂದು ಕೊತ್ತಂಬರಿ ಸೋಸುತ್ತಿದ್ದಳು. ಇಸ್ತ್ರಿಪೆಟ್ಟಿಗೆಗೇ ಐದು ನಿಮಿಷ ಸಾಕಾಗುವಾಗ ಇಷ್ಟು ಪುಟ್ಟ ತಕ್ಕಡಿಗೆ ಇನ್ನೆಷ್ಟು ಬೇಕು ಎಂದು ಅವಳ ಲೆಕ್ಕ.

ಕೆಲವು ದಿನ ಕಳೆದ ಮೇಲೆ ಶೇಷಾದ್ರಿ ಕೆಳಗೆ ಹೋದವರು ಎರಡೇ ನಿಮಿಷಕ್ಕೆ ಮೇಲೆ ಬರತೊಡಗಿದರು. "ಕಾಫಿ ಇದ್ಯಾ?" ಎಂದು ಅಡುಗೆಮನೆಯ ಮೇಜಿನ ಮುಂದೆ ಕೂರುತ್ತಿದ್ದರು. ಮೊದಲ ದಿನ ಕಳ್ಳತನ ಸಿಕ್ಕಿಬಿತ್ತೆಂದು ಅವಳು ಕೊತ್ತಂಬರಿಯಿಂದ ತಲೆಯೆತ್ತಿರಲಿಲ್ಲ. ಆದರೆ ಅವರು ಪ್ಲಗ್ಗಿನ ಮಾತೇ ಎತ್ತಲಿಲ್ಲ. ಕಾರ್ಖಾನೆಯ ಕಾಲದಲ್ಲಿ ಏಳು ಗಂಟೆಗೆ ಬಂದು ಊಟ, ಪೇಪರ್, ನಿದ್ದೆ ಎನ್ನುತ್ತಿದ್ದವರು ಈಗ ಕೂತು ಕೇಳತೊಡಗಿದರು. ತಾನು ಮಹಾರಾಣಿ ಕಾಲೇಜಿಗೇ ಬಾಟನಿಯಲ್ಲಿ ಮೊದಲು ಬಂದಿದ್ದು, ಅತ್ತೆಯ ಸಿಹಿ ಸಾರು ಒಂದು ದಿನವೂ ರುಚಿಸದೆ ಇದ್ದದ್ದು, ಮಗಳು ಇಂಚರ ಹೊಟ್ಟೆಯಲ್ಲಿದ್ದಾಗ ಈ ದೇಶದ ಹಿಮ ನೋಡಿ ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಅತ್ತದ್ದು, ಎಲ್ಲವನ್ನೂ ವತ್ಸಲಾ ಆ ಮೇಜಿನ ಮುಂದೆ ಹೇಳಿಕೊಂಡಳು.

ಒಂದೇ ಒಂದು ಅವಳನ್ನು ಚುಚ್ಚುತ್ತಿತ್ತು. ಅವರು ಆಗಾಗ ಕೈಗಡಿಯಾರ ನೋಡುತ್ತಿದ್ದರು.

"ಯಾಕ್ರೀ, ನನ್ನ ಮಾತು ಅಷ್ಟು ಬೇಜಾರಾ?"

"ಇಲ್ಲ ಇಲ್ಲ, ಹೇಳು. ಇನ್ನೂ ಹೊತ್ತಿದೆ."

ಕೆಲಸವಿಲ್ಲದವನಿಗೆ ಹೆಂಡತಿಯ ಮಾತೂ ಹೊತ್ತು ಕಳೆಯುವ ದಾರಿ ಅಷ್ಟೆ ಎಂದುಕೊಂಡು ಅವಳು ಮಾತು ಮುಂದುವರಿಸಿದಳು. ಮುಂದುವರಿಸಿದಳೇ ಹೊರತು ಅದನ್ನು ಮರೆಯಲಿಲ್ಲ. ಮೊನ್ನೆ ಬುಧವಾರವೂ ಅವರು ಅಲ್ಲೇ ಕೂತಿದ್ದರು. ಲೋಟ ಕೆಳಗಿಟ್ಟು, ಎದೆ ಹಿಡಿದುಕೊಂಡು, "ವತ್ಸಲಾ, ಸ್ವಲ್ಪ ನೀರು," ಎಂದರು. ಅವಳು ನೀರು ತರುವಷ್ಟರಲ್ಲಿ ತಲೆ ಮೇಜಿಗೆ ಒರಗಿತ್ತು.

* * *

ಪುರೋಹಿತರು ದರ್ಭೆ ಬಿಚ್ಚುತ್ತಿದ್ದರು. ವತ್ಸಲಾ ನಿರಂಜನನನ್ನು ನೋಡಿದಳು. ಅವನು ಕ್ಲಬ್ಬಿನ ಇಬ್ಬರು ಬಿಳಿಯರನ್ನು ಕರೆದುಕೊಂಡು ಬಂದು ಪೆಟ್ಟಿಗೆಯ ಹತ್ತಿರ ನಿಲ್ಲಿಸುತ್ತಿದ್ದ. ಆ ಮುದುಕರು ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದರು. ಮೋಸ್ಟ್ ಕೇರ್‌ಫುಲ್ ಮ್ಯಾನ್ ಐ ಎವರ್ ನ್ಯೂ ಎಂದು ಒಬ್ಬ ಅವಳ ಕೈ ಹಿಡಿದು ಹೇಳಿದ. ಆ ಕೈಯನ್ನು ಬಿಡಿಸಿಕೊಳ್ಳುವುದೂ ಅವಳಿಗೆ ಕಷ್ಟವಾಯಿತು.

ಹೇಳದೆ ಉಳಿಯಬಹುದಿತ್ತು. ಯಾರಿಗೆ ಗೊತ್ತಾಗಬೇಕು? ಸತ್ತವರ ಬಳಿ ಉಳಿದಿದ್ದದ್ದು ಅದೊಂದೇ ಹೆಸರು, ಅಳತೆಯಲ್ಲಿ ತಪ್ಪದವರು ಎಂಬುದು. ಅವರನ್ನು ಬೆಂಕಿಗೆ ಕೊಡುವ ದಿನವೇ ಅದನ್ನು ಹೆಂಡತಿ ಕೆಡಿಸಬೇಕೆ? ಆದರೆ ನಾಳೆ ಹತ್ತು ಗಂಟೆಗೆ ನಿರಂಜನ್ ಆ ತೋಟಾ ಹಾಕಿ, ರೈಫಲನ್ನು ಕೆನ್ನೆಗೊತ್ತಿಕೊಂಡು ಅದರ ಕುದುರೆ ಎಳೆಯುತ್ತಾನೆ. ಅವನಿಗೆ ಇಬ್ಬರು ಚಿಕ್ಕ ಮಕ್ಕಳು. ಅವಳು ಪೆಟ್ಟಿಗೆ ಬಿಟ್ಟು ಅವನತ್ತ ನಡೆದಳು.

"ನಿರಂಜನ್, ಸ್ವಲ್ಪ ಹೊರಗೆ ಬನ್ನಿ."

"ಈಗೆಲ್ಲಿಗಮ್ಮ?" ಶ್ರೀಹರಿ ಗಡಿಯಾರ ತೋರಿಸಿದರು. ಅವಳು ಆಗಲೇ ಬಾಗಿಲು ದಾಟಿದ್ದಳು.

ಪಾರ್ಕಿಂಗ್ ಲಾಟಿನಲ್ಲಿ ನೀರು ಹೆಪ್ಪುಗಟ್ಟುವ ಚಳಿ, ಇಪ್ಪತ್ತು ಡಿಗ್ರಿ ಫ್ಯಾರನ್‌ಹೀಟೂ ಇರಲಿಲ್ಲ. ಸೀರೆಯ ಮೇಲೆ ಕೋಟಿಲ್ಲದೆ ನಿಂತು ವತ್ಸಲಾ ಒಂದೇ ಉಸಿರಿಗೆ ಹೇಳಿಬಿಟ್ಟಳು. "ಆ ತೋಟಾ ಹೊಡೀಬೇಡಿ. ಸ್ಕೇಲು ಬಿಸಿ ಇರ್ಲಿಲ್ಲ. ದಿನಾ ನಾನೇ ಪ್ಲಗ್ ಕೀಳ್ತಿದ್ದೆ. ಅವರು ಬರೋ ಹೊತ್ತಿಗೆ ಹಾಕ್ತಿದ್ದೆ. ಅವರಿಗೆ ಗೊತ್ತಿಲ್ಲ. ಅವರ ತಪ್ಪಲ್ಲ, ನಂದು. ಮನೇಲಿ ಮಕ್ಕಳಿದಾರೆ ನಿಮಗೆ, ಎಲ್ಲಾ ಬಿಸಾಕಿಬಿಡಿ."

ನಿರಂಜನನ ಮುಖ ಬಿಳಿಚಿತು. "ಯಾವಾಗಿಂದ್ರಿ ವೈನಿ?"

"ಮಾರ್ಚಿಂದ."

"ಮಾರ್ಚಿಂದ ಸಾವಿರಾರು ಹೊಡದೀವ್ರಿ ನಾವು. ಎಲ್ಲಾ ಒಂದೇ ತೂತಿನ್ಯಾಗ ಹೋಗ್ಯಾವು." ಅವನು ಡಿಕ್ಕಿ ತೆಗೆದ. ನಿನ್ನೆ ಇಂಚರ, ಅಂಕಲ್ ಪ್ಲೀಸ್ ಟೇಕ್ ಆಲ್ ದಟ್ ಸ್ಟಫ್ ಅವೇ ಎಂದಿದ್ದಳೆಂದು ಮದ್ದು, ತೋಟಾ, ಕಾಗದಪತ್ರ ಎಲ್ಲವನ್ನೂ ಅವನೇ ಹೊತ್ತು ತಂದಿದ್ದ. ಡಬ್ಬಿಯ ಕೆಳಗಿಂದ ಹಸಿರು ರಟ್ಟಿನ ಒಂದು ದಪ್ಪ ಪುಸ್ತಕ ಹೊರಬಂತು. "ತಡೀರಿ. ಅಣ್ಣಾರು ತೂಗಿದ್ದೆಲ್ಲಾ ಇದರಾಗ ಬರೀತಿದ್ರು."

ಅವನು ಮಾರ್ಚಿನ ಹಾಳೆ ಹುಡುಕಿ ಜೋರಾಗಿ ಓದಿದ. "ಮಾರ್ಚ್ ಒಂಬತ್ತು. ರೀಡಿಂಗ್ ನಿಲ್ಲುತ್ತಿಲ್ಲ. ಅರ್ಧ ಗಂಟೆಯಲ್ಲಿ ಎರಡು ಸಲ ಜಾರಿತು. ತುಂಬಿದ ಮೂವತ್ತೆರಡು ತೋಟಾ ಬಿಚ್ಚಿ ಮದ್ದು ತೆಗೆದೆ." ಬೆರಳು ಕೆಳಗೆ ಸರಿಯಿತು. "ಮಾರ್ಚ್ ಹನ್ನೊಂದು. ಕಾರಣ ತಿಳಿಯಿತು. ಅಡಾಪ್ಟರ್ ತಣ್ಣಗಿದೆ. ವ. ಪ್ಲಗ್ ಕೀಳುತ್ತಾಳೆ." ಅವನು ತಲೆಯೆತ್ತಿ ಅವಳನ್ನು ನೋಡಿದ. "ಮಾರ್ಚ್ ಹನ್ನೆರಡು. ನಲವತ್ತು ನಿಮಿಷ ಬಿಟ್ಟು ತೂಗಿದರೆ ಸರಿ ಬರುತ್ತದೆ. ಪ್ರತಿದಿನ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ಇಪ್ಪತ್ತು ಗ್ರಾಮಿನ ತೂಕದ ಬಟ್ಟು ಇಟ್ಟು ನೋಡುವುದು." ಆಮೇಲೆ ಹಾಳೆ ಹಾಳೆ ತಿರುವುತ್ತ ಬರೀ ಅಂಕಿಗಳನ್ನೇ ಓದಿದ. ಮೊದಲು 20.000, ನಂತರ 20.000. ಏಪ್ರಿಲ್, ಜುಲೈ, ನವೆಂಬರ್, ಎಲ್ಲ ಕಡೆ ಅದೇ.

"ಗೊತ್ತಿತ್ರಿ ವೈನಿ! ಅವರಿಗೆ ಗೊತ್ತಿತ್ತು!" ಅವನ ಕಣ್ಣಲ್ಲಿ ನೀರು, ಬಾಯಲ್ಲಿ ನಗು. "ಸ್ಕೇಲು ಬಿಸಿ ಆಗೂತನಕಾ ಕಾಯ್ತಿದ್ರು. ಒಂದೂ ತಪ್ಪಿಲ್ಲ. ನಾಳೆ ಧೈರ್ಯಲೇ ಹೊಡೀತೀವಿ."

ವತ್ಸಲಾಗೆ ಜೀವ ಬಂದಂತಾಯಿತು. ಮರುಕ್ಷಣವೇ ಇನ್ನೊಂದು ಹೊಳೆದು ಅಷ್ಟೇ ನೋವಾಯಿತು. ಹಾಗಾದರೆ ಆ ಕಾಫಿ, ಆ ಮಾತು, ಅಷ್ಟೂ ತಕ್ಕಡಿಗೋಸ್ಕರ. ಗಡಿಯಾರ ನೋಡುತ್ತಿದ್ದದ್ದು ಅದಕ್ಕೇ.

"ಕೊಡಿ ಇಲ್ಲಿ," ಎಂದಳು.

ನಿರಂಜನ್ ಓದದೆ ಬಿಟ್ಟದ್ದು ಅಂಚಿನಲ್ಲಿತ್ತು. ಮಾರ್ಚ್ ಹದಿಮೂರು, ವ.ಗೆ ಹೇಳಬೇಕು. ಹದಿನಾರರಂದು ಮತ್ತೆ ಅದೇ, ಆದರೆ ಅದರ ಮೇಲೆ ಅಳತೆಪಟ್ಟಿಯಿಟ್ಟು ನೇರವಾಗಿ ಒಂದು ಗೆರೆ ಎಳೆದು ಹೊಡೆದುಹಾಕಿತ್ತು. ಅದರ ಕೆಳಗೆ ಸಣ್ಣಕ್ಷರದಲ್ಲಿ, ಕಾಫಿ 40 ನಿಮಿಷ. ಮರುದಿನ ಕಾಫಿ 40, ತೋಟಾ 50. ಮೇ ತಿಂಗಳಲ್ಲಿ ಕಾಫಿ 55, ತೋಟಾ 40. ಆಗಸ್ಟಿನಲ್ಲಿ ಕಾಫಿ 85, ತೋಟಾ 20. ಅಕ್ಟೋಬರಿನ ಒಂದು ಸೋಮವಾರ, ಅವಳು ಹಿಮ ನೋಡಿ ಅತ್ತ ಕತೆ ಹೇಳಿದ ದಿನವಿರಬೇಕು, ಕಾಫಿ 130, ತೋಟಾ 0. ಆಮೇಲೆ ಸೊನ್ನೆಗಳೇ ಹೆಚ್ಚು.

ಮೂರು ದಿನದಿಂದ ಒಣಗಿದ್ದ ಅವಳ ಕಣ್ಣು ಈಗ ತುಂಬಿ ಬಂತು. ಅಕ್ಷರ ಕಾಣಲೆಂದು ಸೆರಗಿನಿಂದ ಒರೆಸಿಕೊಂಡಳು.

"ಅಮ್ಮಾ!" ಇಂಚರ ಬಾಗಿಲಲ್ಲಿ ನಿಂತು ಕರೆದಳು. ಡೆಸ್ ಪ್ಲೇನ್ಸ್‌ನಿಂದ ಬುಧವಾರ ರಾತ್ರಿಯೇ ಡ್ರೈವ್ ಮಾಡಿಕೊಂಡು ಬಂದವಳು, ಇನ್ನೂ ನಿದ್ದೆ ಮಾಡಿರಲಿಲ್ಲ. "ದೇ ಆರ್ ಆಲ್ ವೇಟಿಂಗ್ ಫಾರ್ ಯೂ."

"ಬಂದೆ ಪುಟ್ಟ. ಒಂದ್ನಿಮಿಷ."

ಅವಳು ಬುಧವಾರದ ಸಾಲಿಗೆ ಬಂದಳು. ಮೇಲೆ ಬರುವ ಮುನ್ನ ಗಂಟೆ ನೋಡಿ ಕಾಫಿ 4.25 ಎಂದು ಬರೆದು ಪಕ್ಕದಲ್ಲಿ ಒಂದು ಅಡ್ಡಗೆರೆ. ಮುಗಿದ ಹೊತ್ತು ಬರಬೇಕಾದ ಗೆರೆಯ ಆಚೆ ಏನೂ ಇರಲಿಲ್ಲ. ಹಾಳೆ ತಿರುವಿದಳು. ಮುಂದಿನ ಹಾಳೆಗೆ ಶೇಷಾದ್ರಿ ಆಗಲೇ ಪಟ್ಟಿಯಿಟ್ಟು ಗೆರೆ ಹೊಡೆದು ಅಂಕಣ ಹಾಕಿಟ್ಟಿದ್ದರು. ಇಷ್ಟು ದಿನ ಅಂಚಿನಲ್ಲಿ ಮುದುಡಿಕೊಂಡಿದ್ದ ಕಾಫಿಗೆ ಈಗ ಹಾಳೆಯ ನಡುವೆ ಅಗಲವಾದ ಮನೆ ಮಾಡಿಕೊಟ್ಟಿದ್ದರು. ತೋಟಾದ ಮನೆ ಪಕ್ಕಕ್ಕೆ ಸರಿದು ಸಣ್ಣದಾಗಿತ್ತು. ಅದರ ಮುಂದಿನ ಹಾಳೆಯೂ ಹಾಗೇ, ಅದರಾಚೆಯದೂ ಹಾಗೇ. ಗಾಳಿಗೆ ಹಾಳೆಗಳು ಒಂದೊಂದಾಗಿ ಮಗುಚಿಕೊಂಡವು. ಪುಸ್ತಕದ ಕೊನೆಯವರೆಗೂ ಆ ಮನೆಗಳು ಖಾಲಿಯಾಗಿ, ನೇರವಾಗಿ ನಿಂತಿದ್ದವು.