ಎರಡನೆಯ ಗುಂಡು

"ಅಣ್ಣ, ನೀನು ಮೊದಲು ಹೋದರೆ ಇದೇ ಕೋವಿಯಲ್ಲಿ ಎರಡು ಗುಂಡು ನಾನೇ ಹಾರಿಸ್ತೇನೆ" ಎಂದು ಚಂಗಪ್ಪ ಬಹಳ ಹಿಂದೆ ಕುಟ್ಟಪ್ಪನಿಗೆ ಮಾತು ಕೊಟ್ಟಿದ್ದ.

"ನೀನೇ ಮೊದಲು ಹೋದರೆ?"

"ಹಾಗಾದರೆ ಒಳ್ಳೇದೇ ಆಯ್ತು. ನಿನ್ನ ಗುರಿ ನೋಡುವ ಕರ್ಮ ನನಗಿಲ್ಲ."

ಆ ಕೋವಿ ನಾನು. ಒಂಟಿ ನಳಿಗೆಯ ತೋಟಾ ಕೋವಿ. ಹುಟ್ಟಿದ್ದು ಕಾರ್ಖಾನೆಯಲ್ಲಿ. ಅಲ್ಲಿ ನನ್ನನ್ನು ಹಾರಿಸಿ, ಮೈಯೆಲ್ಲ ತಡವಿ ನೋಡಿ, ಆಮೇಲಷ್ಟೇ ಮುದ್ರೆ ಒತ್ತಿದರು. ಪರೀಕ್ಷಿಸದೆ ಯಾವುದನ್ನೂ ನಂಬದಿರುವುದು ನನಗೆ ಹುಟ್ಟಿನಿಂದ ಬಂದ ಗುಣ.

ಕೊಡಗಿನ ಈ ಮನೆಗೆ ನನ್ನನ್ನು ತಂದವನು ಆ ಅಣ್ಣತಮ್ಮಂದಿರ ತಂದೆ. ಇಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು. ಯಾರಾದರೂ ತೀರಿಕೊಂಡರೆ ಬೆನ್ನುಬೆನ್ನಿಗೆ ಎರಡು. ಬೆಟ್ಟದಾಚೆಯವರು ಕಿವಿಯಿಂದಲೇ ಸುದ್ದಿ ತಿಳಿಯುತ್ತಿದ್ದರು.

ತಂದೆಯ ನಂತರ ಚಂಗಪ್ಪನ ಕೈಗೆ ಬಂದೆ. ವಯಸ್ಸಾದಂತೆ, ನನ್ನ ಹಿಂಬದಿಯನ್ನು ಬಿಗಿಯಾಗಿ ಮುಚ್ಚಿಡುವ ಕೊಂಡಿ ಸವೆಯಿತು. ಕಂಪೆನಿಯ ಕೊಂಡಿ ಬರಲು ಕೆಲವು ತಿಂಗಳು ಬೇಕು ಎಂದ ಮೈಸೂರಿನ ಅಂಗಡಿಯವನು. ಕುಟ್ಟಪ್ಪ ಆಗಲೇ ಹಾಸಿಗೆ ಹಿಡಿದಿದ್ದ.

"ಕೊಂಡಿ ಬರುವವರೆಗೆ ತಡೀರಿ ಅಂತ ದೊಡ್ಡಪ್ಪನಿಗೆ ಹೇಳಲಿಕ್ಕಾಗ್ತದಾ?" ಎಂದ ಚಂಗಪ್ಪನ ಮಗ ಐಯಣ್ಣ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದ ರಿಪೇರಿಯಲ್ಲಿ ಅವನದು ಪಳಗಿದ ಕೈ. ಹಳೆಯ ಜೀಪಿನ ಕಬ್ಬಿಣದ ತುಂಡನ್ನು ಉಜ್ಜಿ, ಕೊಂಡಿ ಮಾಡಿ ನನಗೆ ತೊಡಿಸಿದ. ನೋಡಲು ಅಸಲಿಯಂತೆಯೇ ಇತ್ತು. ಆದರೆ ಟಕ್ಕನೆ ಕೂರಬೇಕಾದದ್ದು ಕಳ್ಳನ ಹಾಗೆ ಮೆಲ್ಲಗೆ ಜಾರಿ ಕೂರುತ್ತಿತ್ತು. ನನಗೆ ಅನುಮಾನ ಶುರುವಾದದ್ದು ಅಲ್ಲಿಂದ.

ಐಯಣ್ಣನ ಹೆಂಡತಿ ದೇಚಮ್ಮನಿಗೂ ನಂಬಿಕೆ ಬರಲಿಲ್ಲ. "ಪಲ್ಪರ್ ಕೆಟ್ಟರೆ ಹಣ್ಣು ಹಾಳಾಗ್ತದೆ. ಇದು ಕೆಟ್ಟರೆ ಮಾವನ ಮುಖ ಹೋಗ್ತದೆ. ಪಕ್ಕದ ಮನೆ ಕೋವಿ ತನ್ನಿ."

"ನಾನು ಮಾತು ಕೊಟ್ಟದ್ದು ಪಕ್ಕದ ಮನೆ ಕೋವಿ ಹಿಡಿದಲ್ಲ ದೇಚಮ್ಮ" ಎಂದ ಚಂಗಪ್ಪ.

ಆಯುಧಗಳನ್ನು ಪೂಜಿಸುವ ಕೈಲ್‌ಪೋಳ್ದ್ ಹಬ್ಬ ಬಂತು. ಮರದ ತುದಿಗೆ ಕಟ್ಟಿದ್ದ ತೆಂಗಿನಕಾಯಿಗೆ ಐಯಣ್ಣ ನನ್ನನ್ನು ಹಿಡಿದು ಗುರಿಯಿಟ್ಟ. ಕಾಯಿ ಒಡೆಯಿತು.

"ನೋಡಿದೆಯಾ? ಇನ್ನು ಕಂಪೆನಿಯವರೇ ನನ್ನ ಹತ್ತಿರ ಕಲೀಲಿಕ್ಕೆ ಬರ್ತಾರೆ."

"ಬರಲಿ. ಊಟ ನೀವೇ ಹಾಕಿ" ಎಂದಳು ದೇಚಮ್ಮ.

ಎಲ್ಲರೂ ಕಾಯಿಯ ಚೂರು ಆರಿಸಿದರು. ಕೊಂಡಿಯಲ್ಲಿ ಎದ್ದಿದ್ದ ಕೂದಲೆಳೆಯಷ್ಟು ಬಿರುಕನ್ನು ಯಾರೂ ನೋಡಲಿಲ್ಲ. ಕಾಯಿ ಒಡೆದರೆ ಹಾರಿಸಿದವನ ಗುರಿ ಸರಿಯಿದೆ ಎಂದಷ್ಟೇ ಅರ್ಥ.

ಒಂದು ಬೆಳಿಗ್ಗೆ ಕುಟ್ಟಪ್ಪ ತೀರಿಕೊಂಡ. ಚಂಗಪ್ಪ ಅಂಗಳಕ್ಕೆ ಬಂದು ನನ್ನನ್ನು ಆಕಾಶಕ್ಕೆತ್ತಿ ಹಾರಿಸಿದ. ಕೊಂಡಿ ಮುರಿಯಿತು. ಹಿಂಬದಿ ತೆರೆದುಕೊಂಡು ಬೆಂಕಿ ಅವನ ಬಲಗಣ್ಣಿಗೆ ಬಡಿಯಿತು. ಎರಡನೆಯ ತೋಟಾ ಜೇಬಿನಲ್ಲೇ ಉಳಿಯಿತು.

ಅವನನ್ನು ಜೀಪಿಗೆ ಹತ್ತಿಸುತ್ತಿದ್ದಾಗ ಬೆಟ್ಟದಾಚೆಯಿಂದ ನೆಂಟರೊಬ್ಬರ ಫೋನ್ ಬಂತು. "ಒಂದು ಗುಂಡು ಕೇಳ್ತಲ್ಲ ಐಯಣ್ಣ, ಯಾರ ಮನೇಲಿ ಗಂಡು ಮಗು?"

ಐಯಣ್ಣ ಫೋನ್ ಜೇಬಿಗೆ ಹಾಕಿ ಜೀಪು ಹೊರಡಿಸಿದ.

ಈಗ ನಾನು ಅಟ್ಟದ ಮೂಲೆಯಲ್ಲಿದ್ದೇನೆ. ಕಂಪೆನಿಯ ಕೊಂಡಿ ಕೊನೆಗೂ ಬಂತು, ಪೊಟ್ಟಣ ಬಿಚ್ಚುವವರಿಲ್ಲ. ಅಟ್ಟ ಹತ್ತಿದಾಗಲೆಲ್ಲ ಐಯಣ್ಣ ನನ್ನನ್ನೇ ಅನುಮಾನದಿಂದ ನೋಡುತ್ತಾನೆ. ಆ ನೋಟವನ್ನು ಅವನು ತನ್ನ ಕೈಕೆಲಸದ ಮೇಲೆ ಒಮ್ಮೆ ಹಾಯಿಸಿದ್ದರೆ ಸಾಕಿತ್ತು. ಚಂಗಪ್ಪನ ಬಲಗಣ್ಣು ಹೋಯಿತು.

ಎರಡು ಗುಂಡು ಹಾರಿಸುತ್ತೇನೆ ಎಂದಿದ್ದ. ಒಂದೇ ಹಾರಿಸಿದ. ಅಣ್ಣನಿಗೆ ಕೊಟ್ಟ ಮಾತು ನಡೆಯಲಿಲ್ಲ.