ಆರನೆಯ ಗಂಟು

ತಡಸದ ಶಾಲೆ ಕಟ್ಟಿದವನು ನಾನು. ಗೌಂಡಿ ಉಳಿವೆಪ್ಪ ಅಂದರೆ ಶಿಗ್ಗಾಂವದವರೆಗೂ ಗೊತ್ತು. ಆದರೆ ಕೆಲಸ ನಡೆದಷ್ಟು ದಿನ ಊರವರ ಬಾಯಲ್ಲಿದ್ದದ್ದು ಇಸಾಕನ ಹೆಸರು. ಸವಣೂರಿನ ಇಸಾಕ, ವೀಳ್ಯದೆಲೆ ಹೇರುವ ಗಾಡಿಯವನು, ಜನ್ಮದಲ್ಲಿ ಒಂದು ಕಲ್ಲು ಕೂಡಿಸಿದವನಲ್ಲ.

ನಮ್ಮ ಸೀಮೆ ಮುಂಬಯಿ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷದ ಮಾತು. ಸಾಮಾನು ತರಿಸುವ ಕೆಲಸವನ್ನು ಊರ ಗೌಡರು ಅವನಿಗೆ ಒಪ್ಪಿಸಿದರು. ಇಪ್ಪತ್ತು ವರ್ಷ ನಾನು ಮಾಡಿದ್ದೇ ಬೇರೆ. ಕಲ್ಲು, ಇಟ್ಟಿಗೆ, ಸುಣ್ಣ, ಮರ ಎಲ್ಲ ಮೊದಲು ರಾಶಿ ಬೀಳಬೇಕು, ಆಮೇಲೆ ಪಾಯ ತೋಡಬೇಕು. ಸುಣ್ಣ ಮಳೆಗೆ ಹಾಳಾಗುತ್ತಿತ್ತು, ಇಟ್ಟಿಗೆ ಯಾರದೋ ಹಿತ್ತಲು ಸೇರುತ್ತಿತ್ತು. ಆಗಲಿ, ಅದು ನಮ್ಮ ಪದ್ಧತಿ.

ಇಸಾಕ ನಕ್ಕ. "ಎಲಿ ಒಂದಿನ ಮೊದ್ಲ ಕೊಯ್ದ್ರ ಬಾಡತೈತಿ, ಒಂದಿನ ತಡಾ ಆದ್ರ ಕೊಳೀತೈತಿ. ಕಲ್ಲಿಗೂ ಹಂಗ ದಿನಾ ಗೊತ್ತ ಮಾಡೂಣ್ರಿ," ಅಂದ.

ಹಾನಗಲ್ಲಿಗೆ ಜೋಳ ಒಯ್ದ ಗಾಡಿ ಬರಿದಾಗಿ ಬರದೆ ಮರ ಹೇರಿಕೊಂಡು ಬರತೊಡಗಿತು. ಬಾಯಿಮಾತು ದಾರಿಯಲ್ಲಿ ಬದಲಾಗುತ್ತದೆಂದು ಗಾಡಿಯವರಿಗೆಲ್ಲ ಅವನು ಗಂಟು ಹಾಕಿದ ದಾರ ಕಳಿಸುತ್ತಿದ್ದ. ದಿನಕ್ಕೊಂದು ಗಂಟು ಬಿಚ್ಚಬೇಕು, ಕೊನೆಯದು ಬಿಚ್ಚಿದ ದಿನ ಗಾಡಿ ಹೂಡಬೇಕು. ಕಲ್ಲು ಬೇಕೆಂದ ದಿನ ಕಲ್ಲು, ಸುಣ್ಣ ಬೇಕೆಂದ ದಿನ ಸುಣ್ಣ. ಎರಡೇ ತಿಂಗಳಲ್ಲಿ ಗೋಡೆ ಎದೆಮಟ್ಟ ದಾಟಿತು. ನನ್ನ ಹೊಟ್ಟೆ ಉರಿಯಿತು. ನನ್ನ ಹೆಂಡತಿ ಭರಮವ್ವ ಕೂಡ ಮೊದಲ ಮಜ್ಜಿಗೆ ಅವನಿಗೇ ಕೊಡುತ್ತಿದ್ದಳು!

ಅದನ್ನೂ ನುಂಗಿಕೊಂಡೆ. ಪಟಗಾ ಮಾತ್ರ ನುಂಗಲಾಗಲಿಲ್ಲ. ತಲೆಬಾಗಿಲಿನ ಮೇಲೆ ತೊಲೆ ಏರಿಸುವ ದಿನ ಗೌಂಡಿಯ ತಲೆಗೆ ಮಾನದ ರುಮಾಲು, ಪಟಗಾ, ಸುತ್ತುವುದು ನಮ್ಮಲ್ಲಿ ರೂಢಿ. ನಮ್ಮಪ್ಪನಿಗೂ ಸುತ್ತಿದ್ದರು. ಈಗ ಗೌಡರು ಕಟ್ಟೆಯ ಮೇಲೆ ಕೂತು, "ಸೋಮವಾರ ಮುಂಜಾನೆ ಮುಹೂರ್ತ. ಈ ಸಲ ಪಟಗಾ ಇಸಾಕಗ ಸುತ್ತೂಣು," ಅಂದುಬಿಟ್ಟರು.

ತೊಲೆ ಆರಿಸಲು ಹಾನಗಲ್ಲಿಗೆ ನಾನೇ ಹೋಗಬೇಕಿತ್ತು. ಅಲ್ಲಿನ ಗಾಡಿಯವ ದ್ಯಾಮಪ್ಪನಿಗೆ ಕೊಡಿರೆಂದು ಇಸಾಕ ಐದು ಗಂಟಿನ ದಾರ ನನ್ನ ಕೈಗಿಟ್ಟ. ದಾರಿಯಲ್ಲಿ ಹುಣಸೆಮರದ ಕೆಳಗೆ ಬುತ್ತಿ ಉಂಡು, ಕೈ ತೊಳೆದು, ದಾರಕ್ಕೆ ಆರನೆಯ ಗಂಟು ಹಾಕಿದೆ. ಒಂದು ದಿನ ತಡವಾದರೆ ಸಾಕು, ಅವನ ಪಟಗಾ ತಪ್ಪುತ್ತದೆ. ಸುಳ್ಳು ಯಾಕೆ ಹೇಳಲಿ, ಖುಷಿಯಿಂದಲೇ ಹಾಕಿದೆ.

ಸೋಮವಾರ ಊರೆಲ್ಲ ಸೇರಿತ್ತು. ತೊಲೆ ಬರಲಿಲ್ಲ, ಮುಹೂರ್ತ ಮೀರಿತು. ಇಸಾಕ ಹಾನಗಲ್ಲಿನ ದಾರಿ ನೋಡುತ್ತ ಬಿಸಿಲಲ್ಲೇ ನಿಂತಿದ್ದ. "ಎಲಿ ಮಾರಾವನ್ನ ನಂಬಿ ಕೆಟ್ವಿ," ಎಂದು ಗೌಡರು ಎದ್ದು ಹೋದರು. ನನಗೆ ಹೋಳಿಗೆ ಉಂಡಷ್ಟು ಸಂತೋಷ.

ಮಂಗಳವಾರ ತೊಲೆ ಬಂತು. ಗೌಡರ ಎದುರಿಗೇ ದ್ಯಾಮಪ್ಪ ದಾರ ತೆಗೆದು ಇಸಾಕನ ಕೈಗೆ ಕೊಟ್ಟ. "ಐದು ಗಂಟು ಸರಳ ಬಿಚ್ಚಿದ್ವು. ಆರನೇದ್ದು ಹಲ್ಲೀಲೆ ಕಚ್ಚಿ ಜಗ್ಗಿದ್ರೂ ಬಿಚ್ಚಲಿಲ್ಲ. ದಿನಾ ಅಂತೂ ಆತಲ್ಲ ಅಂತ ಗಾಡಿ ಹೂಡಿದ್ನಿ."

ಆಗ ನನಗೆ ತಿಳಿಯಿತು. ಗೋಡೆ ನೆಟ್ಟಗಿದೆಯೇ ಎಂದು ನೋಡಲು ಇಳಿಬಿಡುವ ಓಳಂಬದ ಗುಂಡಿಗೆ ನಾವು ಗೌಂಡಿಗಳು ಜಾರದ ಗಂಟು ಹಾಕುತ್ತೇವೆ. ಕೈ ರೂಢಿ ಬಿಟ್ಟಿರಲಿಲ್ಲ, ಅದೇ ಗಂಟು ಹಾಕಿತ್ತು. ಇಸಾಕ ಗಂಟು ಹೊರಳಿಸಿ ನೋಡಿದ. ಆಮೇಲೆ ಗೋಡೆಗೆ ತೂಗುಬಿದ್ದ ನನ್ನ ಓಳಂಬ ನೋಡಿದ.

"ಎಷ್ಟ ಗಂಟ ಹಾಕಿದ್ದಿಯೋ?" ಗೌಡರು ಇಸಾಕನನ್ನು ಗದರಿದರು.

"ನಂದ ಎಣಿಕಿ ತಪ್ಪೇತ್ರಿ, ಗೌಡ್ರ," ಅಂದ ಇಸಾಕ.

ಗುರುವಾರ ಹೊಸ ಮುಹೂರ್ತದಲ್ಲಿ ತೊಲೆ ಏರಿತು, ಒಂದು ತುದಿಗೆ ಅವನೇ ಹೆಗಲು ಕೊಟ್ಟಿದ್ದ. ಪಟಗಾ ನನಗೇ ಸುತ್ತಿದರು. ಮಂದಿ ಚದುರಿದ ಮೇಲೆ ಇಸಾಕ ಹತ್ತಿರ ಬಂದು ಆ ದಾರ ನನ್ನ ಅಂಗೈಯಲ್ಲಿಟ್ಟ.

"ಓಳಂಬಕ್ಕ ಆಗತೈತಿ, ಇಟ್ಕೋರಿ. ಸಾಲಿ ಇನ್ನಾ ಅರ್ಧ ಐತಿ, ನೀವಿಲ್ಲದ ಮುಗಿಯೂದಿಲ್ಲ. ನಾಳಿಗೆ ಸುಣ್ಣ ಎಷ್ಟ ಗಾಡಿ ಬೇಕ್ರಿ?"

"ಎರಡು," ಅಂದೆ.

ಅವನು ಎತ್ತು ಹೂಡಲು ಹೋದ. ಪಟಗಾ ನನ್ನ ತಲೆಯ ಮೇಲಿತ್ತು. ಆದರೂ ಅವನ ಬೆನ್ನು ನೋಡುತ್ತ ನನ್ನ ಹೊಟ್ಟೆ ಮೊದಲಿಗಿಂತ ಹೆಚ್ಚು ಉರಿಯಿತು.